ತೂಕದ ಲೆಕ್ಕದಿಂದ ಹೊಟ್ಟೆಯ ಸುತ್ತಳತೆಗೆ



ಎತ್ತರಕ್ಕೆ ತಕ್ಕ ತೂಕವಿದ್ದರೆ ಆರೋಗ್ಯ ಚೆನ್ನಾಗಿದೆ ಅಂತ ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ಎಲ್ಲಿಂದ ಬಂತು, ಎಷ್ಟು ಗಟ್ಟಿ ಅನ್ನೋದನ್ನ ಇವತ್ತು ನೋಡೋಣ.

ಬೆಲ್ಜಿಯಂನ ಅಡಾಲ್ಫ್ ಕ್ವೆಟೆಲೆ ಖಗೋಳಶಾಸ್ತ್ರಜ್ಞ, ಅಂಕಿಸಂಖ್ಯೆಗಳ ಪಂಡಿತ. ವಯಸ್ಕರ ತೂಕ ಹೆಚ್ಚುಕಡಿಮೆ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು 1830ರ ದಶಕದಲ್ಲಿ ಗುರುತಿಸಿದ. ಜನಸಮೂಹದ ಸರಾಸರಿ ಅವನಿಗೆ ಬೇಕಿತ್ತು. ಯಾರ ಕಾಯಿಲೆಯನ್ನೂ ಅಳೆಯಲು ಅವನು ಹೊರಟಿರಲಿಲ್ಲ.

ತೂಕಕ್ಕೂ ಸಾವಿಗೂ ಗಂಟು ಹಾಕಿದ್ದು ವಿಮಾ ಕಂಪನಿಗಳು. ಯಾರು ಬೇಗ ಸಾಯುತ್ತಾರೆ ಅನ್ನೋದು ಅವರಿಗೆ ದುಡ್ಡಿನ ಪ್ರಶ್ನೆ. ಅಮೆರಿಕದ ಮೆಟ್ರೊಪಾಲಿಟನ್ ಲೈಫ್ 1940ರ ದಶಕದಲ್ಲಿ ಇಂತಿಷ್ಟು ಎತ್ತರಕ್ಕೆ ಇಂತಿಷ್ಟು ತೂಕ ಎಂಬ ಪಟ್ಟಿ ಹೊರತಂದಿತು. ಅದು ಪಾಲಿಸಿ ಮಾಡಿಸಿದವರ ಲೆಕ್ಕ ಮಾತ್ರ. 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆ ಹೋಲಿಸಿ, ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಕ್ವೆಟೆಲೆಯ ಸೂತ್ರವನ್ನೇ ಆರಿಸಿಕೊಂಡು ಬಾಡಿ ಮಾಸ್ ಇಂಡೆಕ್ಸ್, ಅಂದರೆ ಬಿಎಂಐ, ಎಂದು ಹೆಸರಿಟ್ಟರು. ಆ ಲೆಕ್ಕದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇದು ನನಗೆ ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ಬಿಎಂಐ ಹೇಳುವುದು ಎತ್ತರಕ್ಕೆ ತಕ್ಕ ತೂಕವನ್ನಷ್ಟೇ. ಆದರೆ ಕೊಬ್ಬು ಎಲ್ಲಿ ಕೂತಿದೆ? ಫ್ರಾನ್ಸಿನ ಮಾರ್ಸೇಯ ವೈದ್ಯ ಜಾನ್ ವಾಗ್ 1947ರಲ್ಲೇ ಇದನ್ನು ಕೇಳಿದ್ದರು. ತೊಡೆ, ನಿತಂಬದಲ್ಲಿ ತುಂಬಿದ ಕೊಬ್ಬಿಗಿಂತ ಮೇಲ್ಭಾಗದಲ್ಲಿ, ಹೊಟ್ಟೆಯಲ್ಲಿ ತುಂಬಿದ್ದು ಸಕ್ಕರೆ ಕಾಯಿಲೆಗೆ, ಹೃದ್ರೋಗಕ್ಕೆ ದಾರಿ ಎಂದರು. ಹೆಚ್ಚು ಜನ ಕಿವಿಗೊಡಲಿಲ್ಲ. 1984ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು, 1913ರಲ್ಲಿ ಹುಟ್ಟಿದ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ, ವಾಗ್ ಅವರ ಮಾತಿಗೆ ಬಲ ಬಂತು. ವಿಜ್ಞಾನಿಗಳು ಕೊಡುವ ಕಾರಣ ಇದು: ಕರುಳಿನ ಸುತ್ತ ಸೇರಿದ ಕೊಬ್ಬಿನ ಅಂಶ ರಕ್ತದೊಡನೆ ನೇರ ಯಕೃತ್ತಿಗೆ ಹರಿಯುತ್ತದೆ. ಇದರಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತಾಗುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅವರ ತಂಡ 52 ದೇಶಗಳ ಸುಮಾರು 27,000 ಜನರನ್ನು ಪರೀಕ್ಷಿಸಿ, ಹೃದಯಾಘಾತದ ಸುಳಿವು ಬಿಎಂಐಗಿಂತ ಸೊಂಟ-ನಿತಂಬದ ಅನುಪಾತದಲ್ಲಿ ಚೆನ್ನಾಗಿ ಸಿಗುತ್ತದೆ ಎಂದು 2005ರಲ್ಲಿ ತೋರಿಸಿತು. 2012ರಲ್ಲಿ ಅಮೆರಿಕದ ಕ್ರಾಕಾವರ್ ತಂದೆ-ಮಗ ಎತ್ತರ, ತೂಕಕ್ಕೆ ಹೋಲಿಸಿ ಸೊಂಟವನ್ನು ಅಳೆಯುವ ಸೂತ್ರ ಕಟ್ಟಿದರು. ಆ ಅಂಕಿ ಏರಿದಂತೆ ಸಾವಿನ ಅಪಾಯವೂ ಏರಿತ್ತು.

ನಮಗೆ ಇದು ಏಕೆ ಮುಖ್ಯ? 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2! ಕೈಕಾಲು ತೆಳ್ಳಗಿದ್ದೂ ಹೊಟ್ಟೆ ಮುಂದೆ ಬಂದವರು ನಮ್ಮಲ್ಲಿ ಮನೆಮನೆಯಲ್ಲೂ ಇದ್ದಾರೆ. ತೂಕದ ಯಂತ್ರ ಅವರಿಗೆ ಸುಳ್ಳು ಧೈರ್ಯ ಕೊಡುತ್ತದೆ.

ಮೂವತ್ತು ದಾಟಿದವರ ಕಾಯಿಲೆಯ ಅಪಾಯ ತಿಳಿಯಲು ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಸೊಂಟದ ಸುತ್ತಳತೆಯೂ ಇದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಅಪಾಯದ ಅಂಕ ಸೇರುತ್ತದೆ. ಅವರು ಟೇಪು ಹಿಡಿದು ಬಂದಾಗ ಸಂಕೋಚ ಬೇಡ. ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಉಸಿರು ಬಿಟ್ಟು, ಅಳತೆ ಕೊಡಿ.