ಕೇಳುವ ಮನಸ್ಸಿಲ್ಲದಿದ್ದರೆ ಯಂತ್ರವಿದ್ದೇನು ಫಲ?

(ಸಮುದಾಯದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





ಮಕ್ಕಳು ಕಂಪ್ಯೂಟರ್ ಆಟದಲ್ಲಿ ಮುಳುಗಿದರೆ ನಾವು ಗದರುತ್ತೇವೆ. ತಪ್ಪೇನಲ್ಲ. ಆದರೆ ಅಂಥ ಆಟವೊಂದು ಬಡವರ ಕೇರಿಗೆ ನಾಲಗೆಯಾದ ಉದಾಹರಣೆಯೂ ಇದೆ.

2012ರಲ್ಲಿ ವಿಶ್ವಸಂಸ್ಥೆಯ ಅಂಗವಾದ ಯುಎನ್-ಹ್ಯಾಬಿಟಾಟ್, ‘ಮೈನ್‌ಕ್ರಾಫ್ಟ್’ ಆಟವನ್ನು ರೂಪಿಸಿದ ಸ್ವೀಡನ್ನಿನ ಮೊಜಾಂಗ್ ಕಂಪೆನಿಯೊಡನೆ ‘ಬ್ಲಾಕ್ ಬೈ ಬ್ಲಾಕ್’ ಎಂಬ ಯೋಜನೆಯನ್ನು ಆರಂಭಿಸಿತು. ಊರಿನ ಮೈದಾನ, ಉದ್ಯಾನ ಅಥವಾ ರಸ್ತೆಯ ಪ್ರತಿರೂಪವನ್ನು ಆಟದೊಳಗೆ ನಿರ್ಮಿಸಲಾಗುತ್ತದೆ. ಅಲ್ಲಿನ ನಿವಾಸಿಗಳು ಗುಂಪಾಗಿ ಕುಳಿತು, ಇಟ್ಟಿಗೆಯಿಟ್ಟಂತೆ ಚೌಕದ ತುಂಡುಗಳನ್ನು ಜೋಡಿಸುತ್ತಾ, ದೀಪವೆಲ್ಲಿ ಬೇಕು, ಶೌಚಾಲಯವೆಲ್ಲಿ ಬೇಕು, ನೆರಳೆಲ್ಲಿ ಬೇಕು ಎಂದು ಕಟ್ಟಿ ತೋರಿಸುತ್ತಾರೆ. ಬಳಿಕ ಅದನ್ನು ಅಧಿಕಾರಿಗಳ ಮುಂದಿಡುತ್ತಾರೆ. ಇಂಜಿನಿಯರನ ನಕ್ಷೆಯನ್ನು ಓದಲಾಗದವರಿಗೂ ಇದು ಸಾಧ್ಯ. ಕೀನ್ಯಾದ ನೈರೋಬಿಯಲ್ಲಿ ಕಿಬೇರಾ ಕೊಳೆಗೇರಿಯ ಯುವಜನರು ತಮ್ಮ ಆಟದ ಮೈದಾನ ಹೇಗಿರಬೇಕೆಂದು ಹೀಗೆ ತಿಳಿಸಿದರು. ವಿಯೆಟ್ನಾಮಿನ ಹನೋಯ್ ನಗರದಂಚಿನ ಕಿಮ್ ಚುಂಗ್‌ನಲ್ಲಿ ಹದಿಹರೆಯದ ಹುಡುಗಿಯರು, ನಡೆದಾಡಲು ತಮಗೆ ಭಯವಾಗುವ ದಾರಿಗಳನ್ನು ಗುರುತಿಸಿ ಪರಿಹಾರವನ್ನೂ ಸೂಚಿಸಿದರು.

ಇಲ್ಲಿ ದೊಡ್ಡದು ಯಂತ್ರವಲ್ಲ. ಯಾರನ್ನು ಕೇಳಲಾಯಿತು ಎಂಬುದು. ಎಲ್ಲವನ್ನೂ ನಿರ್ಧರಿಸಿದ ಮೇಲೆ ಮೊಬೈಲಿನಲ್ಲಿ ಅಭಿಪ್ರಾಯ ಸಂಗ್ರಹಿಸುವುದು ಬರೀ ನಾಟಕ. ಮೊಬೈಲಿಲ್ಲದವರನ್ನು ಬಿಟ್ಟು ಸಂಗ್ರಹಿಸಿದ ಅಭಿಪ್ರಾಯ ಅರ್ಧಸತ್ಯ.

ನಗರಸಭೆ ನಮ್ಮನ್ನು ಕೇಳುವುದಿಲ್ಲವೆಂದು ನಾವು ದೂರುತ್ತೇವೆ. ದೂರು ನ್ಯಾಯವೇ. ಆದರೆ ನಮ್ಮ ಮಸೀದಿ, ಶಾದಿಮಹಲ್, ಮದ್ರಸಾಗಳ ವಿಷಯದಲ್ಲಿ ನಾವು ಯಾರನ್ನು ಕೇಳಿದ್ದೇವೆ? ಶಾದಿಮಹಲ್‌ನಲ್ಲಿ ಮಹಿಳೆಯರ ಶೌಚಾಲಯ ಎಲ್ಲಿರಬೇಕೆಂಬುದನ್ನೂ ಪುರುಷರೇ ನಿರ್ಧರಿಸುತ್ತಾರೆ. ಗಾಲಿಕುರ್ಚಿಯಲ್ಲಿ ಬರುವ ವೃದ್ಧರು ಮಸೀದಿಯ ಮೆಟ್ಟಿಲ ಬಳಿಯೇ ನಿಲ್ಲುತ್ತಾರೆ. ಅವರು ಜಮಾಅತಿನ ಸದಸ್ಯರಲ್ಲವೇ?

ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ‘ಶೂರಾ’, ಅಂದರೆ ಸಮಾಲೋಚನೆ. ಮದೀನಾದ ರಕ್ಷಣೆಗೆ ಕಂದಕ ತೋಡುವ ಸಲಹೆಯಿತ್ತವರು ಪರ್ಶಿಯಾದಿಂದ ಬಂದಿದ್ದ ಸಲ್ಮಾನ್(ರ). ಅವರು ಹೊರಗಿನವರೆಂದು ಪ್ರವಾದಿ(ಸ)ಯವರು ಆ ಸಲಹೆಯನ್ನು ತಳ್ಳಿಹಾಕಲಿಲ್ಲ.

ನಾವು ನಮ್ಮಿಂದಲೇ ಆರಂಭಿಸೋಣ. ಕಂಪ್ಯೂಟರ್ ಬಲ್ಲ ನಮ್ಮ ಯುವಕ ಯುವತಿಯರು ಮಸೀದಿಯ, ಶಾದಿಮಹಲ್‌ನ ಚಿತ್ರವನ್ನು ಪರದೆಯ ಮೇಲೆ ಮೂಡಿಸಲಿ. ಮನೆಮನೆಯ ತಾಯಂದಿರು, ಹಿರಿಯರು ಅದನ್ನು ನೋಡಿ ಮಾತನಾಡಲಿ. ಯಾವ ಸಲಹೆಯನ್ನು ಸ್ವೀಕರಿಸಲಾಯಿತು, ಯಾವುದನ್ನು ಏಕೆ ಕೈಬಿಡಲಾಯಿತು ಎಂಬುದನ್ನು ಮಸೀದಿಯ ಫಲಕದಲ್ಲಿ ಬರೆದು ಹಾಕೋಣ. ಮನೆಯೊಳಗೆ ಕೇಳಲು ಕಲಿತವರು ಮಾತ್ರ ನಗರಸಭೆಯ ಬಾಗಿಲಲ್ಲಿ ನಿಂತು ‘ನಮ್ಮನ್ನೂ ಕೇಳಿ’ ಎಂದು ತಲೆಯೆತ್ತಿ ಹೇಳಬಲ್ಲರು.

ಅಲ್ಲಾಹನು ನಮಗೆ ಕೇಳುವ ವಿನಯವನ್ನು ಕರುಣಿಸಲಿ. ಆಮೀನ್.