ಕ್ಷಯದ ಮದ್ದು ಎಲ್ಲಿ ಕೆಲಸ ಮಾಡುತ್ತದೆ?



ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಆದರೆ ಊರಿಗಾಂ, ಚಾಂಪಿಯನ್ ರೀಫ್‌ಗಳ ಆಳದಲ್ಲಿ ಬಂಡೆ ಕೊರೆದವರ ಎದೆಯೊಳಗೆ ಸೇರಿದ ಸಿಲಿಕಾ ದೂಳು ಅಲ್ಲೇ ಉಳಿಯಿತು. ಇಲ್ಲಿನ ಕಾರ್ಮಿಕರ ಸಿಲಿಕೋಸಿಸ್ ಕಾಯಿಲೆಯ ವರದಿ 1947ರಷ್ಟು ಹಿಂದೆಯೇ ಪ್ರಕಟವಾಗಿತ್ತು. ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ಶ್ವಾಸಕೋಶದ ಕಾವಲು ಕೋಶಗಳನ್ನು ಈ ದೂಳು ಹಾಳುಮಾಡುತ್ತದೆ. ಆದ್ದರಿಂದ ಸಿಲಿಕೋಸಿಸ್ ಇರುವವರನ್ನು ಕ್ಷಯರೋಗ ಬೇಗ ಹಿಡಿಯುತ್ತದೆ.

ಕ್ಷಯಕ್ಕೆ ದೊರೆತ ಮೊದಲ ಪರಿಣಾಮಕಾರಿ ಪ್ರತಿಜೈವಿಕ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಇದನ್ನು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬೇರ್ಪಡಿಸಿದರು. ಇದು ಕ್ಷಯದ ಕ್ರಿಮಿಯನ್ನು ಎಲ್ಲಿ ಹಿಡಿಯುತ್ತದೆ?

ಪ್ರತಿ ಜೀವಕೋಶದಲ್ಲೂ ಪ್ರೋಟೀನ್ ತಯಾರಿಸುವ ಯಂತ್ರಗಳಿವೆ. ಇವೇ ರೈಬೊಸೋಮ್‌ಗಳು. ಒಂದು ಮಿಲಿಮೀಟರಿನಲ್ಲಿ ಸುಮಾರು 50,000 ರೈಬೊಸೋಮ್‌ಗಳನ್ನು ಸಾಲಾಗಿ ಇಡಬಹುದು, ಅಷ್ಟು ಚಿಕ್ಕವು. ಇದರ ಸಣ್ಣ ಭಾಗ ವಂಶವಾಹಿಯ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ದೊಡ್ಡ ಭಾಗ ಅದಕ್ಕೆ ತಕ್ಕ ಅಮಿನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಪೋಣಿಸುತ್ತದೆ.

ಗಣಿಯ ಕೆಲಸ ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಗಂಟೆ ಎಷ್ಟು ಸಲ ಹೊಡೆಯಿತೆಂದು ಎಣಿಸಿ ಎಂಜಿನ್ ಚಾಲಕ ಕೇಜನ್ನು ಇಳಿಸುತ್ತಾನೆ, ಏರಿಸುತ್ತಾನೆ. ಎಣಿಕೆ ತಪ್ಪಿದರೆ ಅನಾಹುತ. ಸ್ಟ್ರೆಪ್ಟೊಮೈಸಿನ್ ಮಾಡುವುದೂ ಇದನ್ನೇ. ಸಣ್ಣ ಭಾಗದಲ್ಲಿ, ಸಂದೇಶ ಓದುವ ಜಾಗದ ಪಕ್ಕದಲ್ಲೇ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಗ ರೈಬೊಸೋಮ್ ಸರಿಯಲ್ಲದ ಅಮಿನೋ ಆಮ್ಲವನ್ನೂ ಸರಿಯೆಂದು ಒಪ್ಪಿಕೊಳ್ಳುತ್ತದೆ. ಕೆಟ್ಟ ಪ್ರೋಟೀನುಗಳು ತುಂಬಿ ಕ್ರಿಮಿ ಸಾಯುತ್ತದೆ. ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರ ತಂಡ 2000ದಲ್ಲಿ ಈ ಅಂಟಿಕೊಳ್ಳುವ ಜಾಗವನ್ನು ಪರಮಾಣು ಮಟ್ಟದಲ್ಲಿ ತೋರಿಸಿತು. ರೈಬೊಸೋಮ್ ಕುರಿತ ಸಂಶೋಧನೆಗಾಗಿ ಅವರು 2009ರ ನೊಬೆಲ್ ಬಹುಮಾನವನ್ನು ಸ್ಟೈಟ್ಸ್ ಮತ್ತು ಅದಾ ಯೊನಾಥ್ ಅವರೊಂದಿಗೆ ಹಂಚಿಕೊಂಡರು.

ನಮ್ಮ ರೈಬೊಸೋಮ್‌ಗಳ ರಚನೆ ಬೇರೆಯಾದ್ದರಿಂದ ಈ ಮದ್ದು ನಮ್ಮನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ವೈರಸ್‌ಗಳಿಗಂತೂ ಸ್ವಂತ ರೈಬೊಸೋಮೇ ಇಲ್ಲ. ವೈರಸ್‌ನಿಂದ ಬರುವ ನೆಗಡಿಗೆ ಇಂಥ ಔಷಧ ನುಂಗಿ ಪ್ರಯೋಜನವಿಲ್ಲ.

ಆದರೆ ಈ ಹಿಡಿತ ಬಹಳ ಸೂಕ್ಷ್ಮವಾದುದು. ಕ್ರಿಮಿಯ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮದ್ದು ಅಂಟದೆ ಹೋಗಬಹುದು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ ಇದನ್ನು ಕಲಿಸಿತು. ಆರು ತಿಂಗಳಲ್ಲಿ ಬರೀ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡರು. ಸ್ಟ್ರೆಪ್ಟೊಮೈಸಿನ್ ಪಡೆದ 55 ಮಂದಿಯಲ್ಲಿ ನಾಲ್ವರು ಮಾತ್ರ. ಆದರೆ ಕ್ರಿಮಿಗಳು ಮದ್ದಿಗೆ ಒಗ್ಗಿಕೊಂಡವು. ಐದು ವರ್ಷಗಳಲ್ಲಿ ಎರಡು ಗುಂಪುಗಳ ಅಂತರ ಬಹುತೇಕ ಅಳಿಸಿಹೋಯಿತು.

ಅದಕ್ಕೇ ಇಂದು ಕ್ಷಯಕ್ಕೆ ಒಂದೇ ಔಷಧ ಕೊಡುವುದಿಲ್ಲ. ಸಾಮಾನ್ಯ ಕ್ಷಯಕ್ಕೆ ನಾಲ್ಕು ಔಷಧಗಳಿಂದ ಆರಂಭಿಸಿ ಆರು ತಿಂಗಳು ಚಿಕಿತ್ಸೆ ನಡೆಸುತ್ತಾರೆ. ಒಂದರಿಂದ ತಪ್ಪಿಸಿಕೊಂಡ ಕ್ರಿಮಿಯನ್ನು ಇನ್ನೊಂದು ಹಿಡಿಯುತ್ತದೆ. ಇವುಗಳಿಗೂ ಬಗ್ಗದ ಕ್ಷಯಕ್ಕೆ ಬಳಸುವ ಲಿನೆಜೋಲಿಡ್ ಮತ್ತೆ ರೈಬೊಸೋಮನ್ನೇ ಹಿಡಿಯುತ್ತದೆ, ಆದರೆ ಅದರ ದೊಡ್ಡ ಭಾಗವನ್ನು.

ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಮಾತ್ರೆ ಬಿಡುವವರಿದ್ದಾರೆ. ಕೆಮ್ಮು ನಿಂತರೂ ಕ್ರಿಮಿ ಪೂರ್ತಿ ಸತ್ತಿರುವುದಿಲ್ಲ. ಉಳಿದವು ಮತ್ತೆ ಬೆಳೆದು ಮನೆಯವರಿಗೂ ಹರಡುತ್ತವೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ; ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಗಣಿಯಲ್ಲಿ ದುಡಿದವರಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಚಿಕಿತ್ಸೆಯ ಅವಧಿಯನ್ನು ಅವರು ಹೆಚ್ಚಿಸಬೇಕಾಗಬಹುದು. ಎದೆಯ ದೂಳನ್ನು ತೆಗೆಯುವ ಮದ್ದು ಇಲ್ಲ. ಕ್ಷಯಕ್ಕೆ ಇದೆ. ಅದನ್ನು ಕೊನೆಯ ಮಾತ್ರೆಯವರೆಗೂ ನುಂಗೋಣ.