ವೀರ್ಯದಲ್ಲಿ ವೀರ್ಯಾಣುಗಳಿಲ್ಲವೆಂದು ನಿರಾಶರಾಗಬೇಡಿ
(ಗ್ರಾಮೀಣ ದಂಪತಿಗಳಿಗಾಗಿ ಒಂದು ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವ ವಿಚಾರವೊಂದೇ ನಮ್ಮ ಜನರ ಮನಸ್ಸಿಗೆ ಬರುತ್ತದೆ. ಆದರೆ ಬೇಡವಾದಾಗ ಗರ್ಭವನ್ನು ತಡೆಯುವುದು ಎಷ್ಟು ಮುಖ್ಯವೋ, ಮಗು ಬೇಕೆಂದು ಹಂಬಲಿಸುವ ದಂಪತಿಗಳಿಗೆ ನೆರವಾಗುವುದೂ ಅಷ್ಟೇ ಮುಖ್ಯವಾದ ಕಾರ್ಯ. ಆದುದರಿಂದ ಈ ದಿನ ಪುರುಷರ ಸಂತಾನಹೀನತೆಯನ್ನೂ, ಅದಕ್ಕಿರುವ ಒಂದು ಶಸ್ತ್ರಚಿಕಿತ್ಸೆಯನ್ನೂ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಮದುವೆಯಾಗಿ ಎರಡು ಮೂರು ವರ್ಷಗಳು ಕಳೆದರೂ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ಎಲ್ಲರ ದೃಷ್ಟಿಯೂ ಸೊಸೆಯ ಕಡೆಗೆ ತಿರುಗುತ್ತದೆ. ಸೀಮಂತದ ಮನೆಯಲ್ಲಿ ಅವಳನ್ನು ಹಿಂದೆ ಸರಿಸುತ್ತಾರೆ. 'ಬಂಜೆ' ಎಂಬ ಮಾತನ್ನು ಅವಳು ಕೇಳಬೇಕಾಗುತ್ತದೆ. ಗಂಡನನ್ನು ಯಾರೂ ಹಾಗೆ ಕರೆಯುವುದಿಲ್ಲ. ಹರಕೆ ಹೊರುವವಳೂ ಅವಳೇ, ಉಪವಾಸ ಮಾಡುವವಳೂ ಅವಳೇ. ಕೆಲವು ಮನೆಗಳಲ್ಲಿ ಗಂಡನಿಗೆ ಎರಡನೆಯ ಹೆಣ್ಣು ತರುವ ಮಾತೂ ಏಳುತ್ತದೆ. ವಿಜ್ಞಾನ ಹೇಳುವುದು ಬೇರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ಗಂಡನಲ್ಲಿ ಮಾತ್ರವಾಗಲಿ ಇಬ್ಬರಲ್ಲಿಯೂ ಆಗಲಿ, ಪುರುಷನ ಕಡೆಯ ಕಾರಣ ಸೇರಿರುತ್ತದೆ. ಗಂಡನನ್ನು ಪರೀಕ್ಷಿಸದೆ ಹೆಂಡತಿಯನ್ನು ದೂರುವುದು ನ್ಯಾಯವಲ್ಲ.

ಯಾವ ತಡೆಯನ್ನೂ ಬಳಸದೆ ಒಂದು ವರ್ಷ ಸಂಸಾರ ನಡೆಸಿದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗೇ ಕಾಣುವುದು ಲೇಸು. ಗಂಡಹೆಂಡಿರು ಜೊತೆಯಾಗಿಯೇ ಹೋಗಬೇಕು. ಗಂಡನಿಗೆ ಮಾಡುವ ಮೊದಲ ಪರೀಕ್ಷೆ ವೀರ್ಯಪರೀಕ್ಷೆ. ಅದರಲ್ಲಿ ಕತ್ತರಿಯಿಲ್ಲ, ಸೂಜಿಯಿಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು, ಆಸ್ಪತ್ರೆಯವರು ಕೊಟ್ಟ ಶುಚಿಯಾದ ಸೀಸೆಯಲ್ಲಿ ವೀರ್ಯವನ್ನು ಸಂಗ್ರಹಿಸಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರ್ ವೀರ್ಯದಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳು ಇರುವುದು ಕೆಳಮಿತಿ. ನೂರು ಗಂಡಸರಲ್ಲಿ ಸುಮಾರು ಒಬ್ಬನ ವೀರ್ಯದಲ್ಲಿ ಒಂದು ವೀರ್ಯಾಣುವೂ ಕಂಡುಬರುವುದಿಲ್ಲ. ಹಾಗೆ ವರದಿ ಬಂದಲ್ಲಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ ದೃಢಪಡಿಸಿಕೊಳ್ಳಬೇಕು.

ಈ ವರದಿಯನ್ನು ಕಂಡು ಅನೇಕ ಗಂಡಸರು ಕುಸಿದುಹೋಗುತ್ತಾರೆ. ತಮ್ಮ ಗಂಡಸುತನವೇ ಹೋಯಿತೆಂದು ಭಾವಿಸಿ ಹೆಂಡತಿಯಿಂದಲೂ ವಿಷಯವನ್ನು ಮುಚ್ಚಿಡುತ್ತಾರೆ. ಇದು ತಪ್ಪು ತಿಳಿವಳಿಕೆ. ವೀರ್ಯದ ಬಹುಭಾಗ ಬೇರೆ ಗ್ರಂಥಿಗಳಿಂದ ಬರುವ ದ್ರವ. ವೀರ್ಯಾಣುಗಳು ಅದರಲ್ಲಿ ಅತ್ಯಲ್ಪ ಭಾಗ ಮಾತ್ರ. ಪುರುಷ ಸಂತಾನ ನಿರೋಧ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿಯೂ ವೀರ್ಯಾಣುಗಳಿರುವುದಿಲ್ಲ. ಆದರೂ ಅವರ ದಾಂಪತ್ಯಸುಖಕ್ಕೆ ಕುಂದಿಲ್ಲ, ದುಡಿಯುವ ಶಕ್ತಿಗೆ ಕೊರತೆಯಿಲ್ಲ.

ವೀರ್ಯಾಣುಗಳು ಹುಟ್ಟುವುದು ವೃಷಣಗಳಲ್ಲಿ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಅಲ್ಲಿಂದ ಅವು ವೃಷಣದ ಹಿಂಬದಿಗೆ ಅಂಟಿಕೊಂಡಿರುವ ಸುರುಳಿನಾಳಕ್ಕೆ ಬಂದು ಬಲಿತು, ಬಳಿಕ ವೀರ್ಯನಾಳದ ಮೂಲಕ ಹೊರಬರುತ್ತವೆ. ಇದನ್ನು ಊರಿನ ಕೆರೆಗೆ ಹೋಲಿಸಿ ನೋಡಿ. ಗದ್ದೆಗೆ ನೀರು ಬರದಿದ್ದರೆ ಎರಡು ಕಾರಣಗಳಿರಬಹುದು: ಕೆರೆ ತುಂಬಿದ್ದರೂ ತೂಬು ಕಟ್ಟಿಕೊಂಡಿರಬಹುದು, ಇಲ್ಲವೆ ಕೆರೆಯೇ ಬತ್ತಿರಬಹುದು.

ಮೊದಲನೆಯ ಬಗೆಯಲ್ಲಿ ವೀರ್ಯಾಣುಗಳು ಹುಟ್ಟುತ್ತಿದ್ದರೂ ದಾರಿ ಮುಚ್ಚಿರುತ್ತದೆ. ಸರಿಯಾಗಿ ಚಿಕಿತ್ಸೆ ಪಡೆಯದ ಮೇಹರೋಗ, ಕ್ಷಯ, ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ನಾಳಕ್ಕೆ ತಗುಲಿದ ಪೆಟ್ಟು, ಸಂತಾನ ನಿರೋಧ ಶಸ್ತ್ರಚಿಕಿತ್ಸೆ ಇವು ಕಾರಣಗಳು. ಕೆಲವರಿಗೆ ಹುಟ್ಟಿನಿಂದಲೇ ವೀರ್ಯನಾಳ ಇರುವುದಿಲ್ಲ. ಎರಡನೆಯ ಬಗೆಯಲ್ಲಿ ವೃಷಣದ ಉತ್ಪತ್ತಿಯೇ ಕುಂದಿರುತ್ತದೆ. ಎಳವೆಯಲ್ಲಿ ವೃಷಣ ಚೀಲಕ್ಕೆ ಇಳಿಯದೆ ಉಳಿದದ್ದು, ಪ್ರಾಯದಲ್ಲಿ ಬಂದ ಮಂಗನಬಾವು ವೃಷಣಕ್ಕೆ ತಗುಲಿದ್ದು, ಕ್ಯಾನ್ಸರ್ ಚಿಕಿತ್ಸೆ, ಹುಟ್ಟಿನಿಂದ ಬಂದ ವರ್ಣತಂತುಗಳ ದೋಷ ಇವು ಇದಕ್ಕೆ ಕಾರಣವಾಗಬಹುದು. ಮೈಕಟ್ಟು ಬೆಳೆಯಲೆಂದು ಪುರುಷ ಹಾರ್ಮೋನಿನ ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿಯೂ ವೀರ್ಯಾಣುಗಳ ಉತ್ಪತ್ತಿ ನಿಲ್ಲುತ್ತದೆ. ವೈದ್ಯರ ಸಲಹೆಯಿಲ್ಲದೆ ಅಂಥ ಮದ್ದನ್ನು ಮುಟ್ಟಕೂಡದು.

ದೇಹಪರೀಕ್ಷೆ ಮತ್ತು ರಕ್ತಪರೀಕ್ಷೆಗಳಿಂದ ಯಾವ ಬಗೆಯೆಂಬುದನ್ನು ವೈದ್ಯರು ಬಹುಮಟ್ಟಿಗೆ ನಿರ್ಣಯಿಸುತ್ತಾರೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕೊರತೆಯೇ ಕಾರಣವಾಗಿದ್ದರೆ ಔಷಧದಿಂದಲೇ ವೀರ್ಯಾಣುಗಳು ಬರುವುದುಂಟು. ಸಂತಾನ ನಿರೋಧ ಶಸ್ತ್ರಚಿಕಿತ್ಸೆಯ ನಂತರ ಮಗುವನ್ನು ಕಳೆದುಕೊಂಡ ತಂದೆಗೆ ನಾಳವನ್ನು ಮರುಜೋಡಣೆ ಮಾಡಬಹುದು. ವರ್ಷಗಳು ಕಳೆದಷ್ಟೂ ಅದರ ಫಲ ಕಡಿಮೆಯಾಗುತ್ತದೆ. ಇಂಥ ಮಾರ್ಗಗಳು ಫಲಿಸದಾಗ ಅಥವಾ ಒದಗದಾಗ ವೀರ್ಯಾಣುಗಳನ್ನು ನೇರವಾಗಿ ದೇಹದಿಂದಲೇ ಹೊರತೆಗೆಯುವ ಶಸ್ತ್ರಚಿಕಿತ್ಸೆ ನೆರವಿಗೆ ಬರುತ್ತದೆ.

ದಾರಿ ಮುಚ್ಚಿದವರಿಗೆ ಮರಗಟ್ಟುವ ಮದ್ದು ಕೊಟ್ಟು, ಸಣ್ಣ ಸೂಜಿಯಿಂದ ಸುರುಳಿನಾಳದಲ್ಲಿನ ದ್ರವವನ್ನಾಗಲಿ ವೃಷಣದ ಅಂಶವನ್ನಾಗಲಿ ಹೀರಿ ತೆಗೆಯುತ್ತಾರೆ. ಇವರಲ್ಲಿ ಬಹುತೇಕ ಎಲ್ಲರಿಗೂ ವೀರ್ಯಾಣುಗಳು ದೊರೆಯುತ್ತವೆ. ಉತ್ಪತ್ತಿ ಕುಂದಿದವರಿಗೆ ಕೆಲಸ ಕಷ್ಟತರವಾದುದು. ಬತ್ತಿದ ಕೆರೆಯಲ್ಲಿಯೂ ಒಂದೆರಡು ಗುಂಡಿಗಳಲ್ಲಿ ನೀರು ಉಳಿದಿರುವಂತೆ, ಇವರ ವೃಷಣದಲ್ಲಿ ಅಲ್ಲಲ್ಲಿ ವೀರ್ಯಾಣುಗಳು ಉಳಿದಿರಬಹುದು. ವೃಷಣವನ್ನು ತೆರೆದು, ಶಸ್ತ್ರಕ್ರಿಯೆಯ ಸೂಕ್ಷ್ಮದರ್ಶಕದಡಿಯಲ್ಲಿ ಅಂಥ ಜಾಗಗಳನ್ನು ಹುಡುಕುವ ವಿಧಾನ 1999ರಿಂದ ಬಳಕೆಗೆ ಬಂದಿದೆ. ಹೀಗೆ ಹುಡುಕಿದಾಗಲೂ ಇಬ್ಬರಲ್ಲಿ ಸುಮಾರು ಒಬ್ಬರಿಗೆ ಮಾತ್ರ ವೀರ್ಯಾಣುಗಳು ಸಿಗುತ್ತವೆ. ಕೆಲವು ಬಗೆಯ ವರ್ಣತಂತು ದೋಷಗಳಲ್ಲಿ ಅವು ಸಿಗುವುದೇ ಇಲ್ಲ. ಆದುದರಿಂದ ಮೊದಲೇ ಆ ಪರೀಕ್ಷೆ ಮಾಡಿಸಿದರೆ ವ್ಯರ್ಥ ಶಸ್ತ್ರಚಿಕಿತ್ಸೆ ತಪ್ಪುತ್ತದೆ. ಹುಟ್ಟುವ ಮಗುವಿಗೆ ದೋಷ ದಾಟುವ ಸಂಭವವಿದೆಯೇ ಎಂಬುದೂ ತಿಳಿಯುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ನೋವು, ಊತ ಇರಬಹುದು. ಬಿಗಿಯಾದ ಲಂಗೋಟಿ ಅಥವಾ ಒಳಚಡ್ಡಿ ಧರಿಸಬೇಕು. ವೈದ್ಯರು ಹೇಳುವವರೆಗೆ ನೇಗಿಲು ಹಿಡಿಯುವುದು, ಮೂಟೆ ಹೊರುವುದು, ಸೈಕಲ್ ತುಳಿಯುವುದು ಬೇಡ. ಊತ ಹೆಚ್ಚಿದರೆ, ಜ್ವರ ಬಂದರೆ, ರಕ್ತ ಒಸರಿದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ವೃಷಣವನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ನಂತರ ಕೆಲವರಲ್ಲಿ ಪುರುಷ ಹಾರ್ಮೋನು ಕಡಿಮೆಯಾಗುವುದರಿಂದ ಮುಂದೆಯೂ ತಪಾಸಣೆ ಆವಶ್ಯಕ.

ಇಲ್ಲಿಗೆ ಚಿಕಿತ್ಸೆ ಮುಗಿಯಲಿಲ್ಲ ಎಂಬುದನ್ನು ಗಂಡಸರು ಗಮನಿಸಬೇಕು. ಹೀಗೆ ತೆಗೆದ ವೀರ್ಯಾಣುಗಳು ಸಂಖ್ಯೆಯಲ್ಲಿಯೂ ಚಲನೆಯಲ್ಲಿಯೂ ಕಡಿಮೆಯಿರುವುದರಿಂದ ತಾವಾಗಿಯೇ ಅಂಡಾಣುವನ್ನು ಸೇರಲಾರವು. ಒಂದೊಂದು ಅಂಡಾಣುವಿನೊಳಕ್ಕೆ ಒಂದೊಂದು ವೀರ್ಯಾಣುವನ್ನು ಅತಿಸೂಕ್ಷ್ಮ ಸೂಜಿಯಿಂದ ಸೇರಿಸಬೇಕು. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ವೈದ್ಯರು 1992ರಲ್ಲಿ ಈ ವಿಧಾನದಿಂದಾದ ಗರ್ಭಧಾರಣೆಗಳನ್ನು ಮೊದಲು ಪ್ರಕಟಿಸಿದರು; ಇದಕ್ಕೆ 'ಇಕ್ಸಿ' ಎಂದು ಹೆಸರು. ಇದಕ್ಕಾಗಿ ಹೆಂಡತಿಯು ಸುಮಾರು ಹತ್ತು ಹನ್ನೆರಡು ದಿನ ಚುಚ್ಚುಮದ್ದು ತೆಗೆದುಕೊಳ್ಳಬೇಕು. ಅವಳ ಅಂಡಾಣುಗಳನ್ನು ಸೂಜಿಯಿಂದ ಹೊರತೆಗೆಯಬೇಕು. ಬೆಳೆದ ಭ್ರೂಣವನ್ನು ಅವಳ ಗರ್ಭಕೋಶದಲ್ಲಿಡಬೇಕು. ದೋಷ ಗಂಡನಲ್ಲಿದ್ದರೂ ಶ್ರಮದ ಹೆಚ್ಚು ಭಾರವನ್ನು ಹೊರುವವಳು ಹೆಂಡತಿ. ಆ ದಿನಗಳಲ್ಲಿ ಅವಳ ಕೆಲಸವನ್ನು ಹಗುರ ಮಾಡುವುದು, ಅವಳನ್ನು ಆಡಿಕೊಳ್ಳುವ ಬಾಯಿಗಳನ್ನು ತಡೆಯುವುದು ಗಂಡನ ಕರ್ತವ್ಯ.

'ಹೀಗೆ ಹುಟ್ಟಿದ ಮಗು ಯಾರದು?' ಎಂದು ಹಿರಿಯರು ಕೇಳುವುದುಂಟು. ವೀರ್ಯಾಣು ಗಂಡನದು, ಅಂಡಾಣು ಹೆಂಡತಿಯದು. ಆದುದರಿಂದ ಮಗು ಅವರಿಬ್ಬರದೇ. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಖರ್ಚಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಒಂದೇ ಸಲಕ್ಕೆ ಫಲ ದೊರೆಯುವುದೆಂಬ ಭರವಸೆಯಿಲ್ಲ. ಹೆಂಡತಿಯ ವಯಸ್ಸು ಹೆಚ್ಚಿದಂತೆ ಫಲ ಕುಂದುತ್ತದೆ. ಖಂಡಿತ ಮಗುವಾಗುವುದೆಂದು ಮಾತು ಕೊಡುವವರನ್ನು ನಂಬಿ ಹೊಲವನ್ನು ಒತ್ತೆಯಿಡಬೇಡಿ. ಒಟ್ಟು ಖರ್ಚೆಷ್ಟು, ವೀರ್ಯಾಣು ಸಿಗದಿದ್ದರೆ ಮುಂದೇನು, ಹೆಚ್ಚಾಗಿ ಸಿಕ್ಕಿದುದನ್ನು ಶೈತ್ಯದಲ್ಲಿ ಕಾಪಿಡುವರೇ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ. 2021ರ ಕಾಯಿದೆಯಂತೆ ಇಂಥ ಚಿಕಿತ್ಸಾಲಯಗಳು ನೋಂದಣಿ ಮಾಡಿಸಿರಬೇಕು. ಚಿಕಿತ್ಸೆಗೆ ನಿಮ್ಮ ಲಿಖಿತ ಒಪ್ಪಿಗೆ ಪಡೆಯಬೇಕು. ಹೆಂಡತಿಯ ವಯಸ್ಸು 21ರಿಂದ 50ರೊಳಗೆ, ಗಂಡನದು 21ರಿಂದ 55ರೊಳಗೆ ಇರಬೇಕು. ಗಂಡೋ ಹೆಣ್ಣೋ ಎಂದು ಆರಿಸುವುದು ಶಿಕ್ಷಾರ್ಹ ಅಪರಾಧ.

ಗಂಡುಮಗುವಿನ ವೃಷಣ ಆರು ತಿಂಗಳಾದರೂ ಕೆಳಗಿಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಇಂದಿನ ಆ ಎಚ್ಚರ ಮುಂದಿನ ಕಷ್ಟವನ್ನು ತಪ್ಪಿಸೀತು.

ಎಲ್ಲ ಪ್ರಯತ್ನ ಮಾಡಿಯೂ ವೀರ್ಯಾಣು ಸಿಗದಿದ್ದರೆ? ಇಬ್ಬರೂ ಒಪ್ಪಿದಲ್ಲಿ ದಾನಿಯ ವೀರ್ಯಾಣುವಿನ ಮಾರ್ಗವಿದೆ; ಕಾನೂನಿನಂತೆ ದತ್ತು ಪಡೆಯುವ ಮಾರ್ಗವಿದೆ; ಒಬ್ಬರಿಗೊಬ್ಬರು ಆಸರೆಯಾಗಿ ಬಾಳುವುದೂ ಗೌರವದ ಬದುಕೇ. ಆದರೆ ಇವೆಲ್ಲವೂ ಪರೀಕ್ಷೆಯ ನಂತರದ ಮಾತು. ಸಂತಾನವಿಲ್ಲದ ಗೃಹಸ್ಥರು ಮಾಡಬೇಕಾದ ಮೊದಲ ಕೆಲಸ ಒಂದೇ: ಸಂಕೋಚ ತೊರೆದು, ಹೆಂಡತಿಯೊಡನೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು, 'ನನ್ನನ್ನೂ ಪರೀಕ್ಷಿಸಿ' ಎಂದು ವೈದ್ಯಾಧಿಕಾರಿಗಳನ್ನು ಕೇಳುವುದು. ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಅವರು ತಿಳಿಸುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೂ ವಿಚಾರಿಸಬಹುದು.